ಅಳಿಸಿದರೂ ಹೋಗದ ಫೋಟೋ

ದೊಡ್ಡನೆಕ್ಕುಂದಿಯ ಹನುಮಂತಯ್ಯನವರು ಇಪ್ಪತ್ತೇಳು ವರ್ಷ ಒಂದು ವಾಲ್ವ್ ಕಾರ್ಖಾನೆಯ ಗೇಟಿನಲ್ಲಿ ನಿಂತು ಜನರ ಊಟದ ಡಬ್ಬಿ ಬಿಚ್ಚಿಸಿ ನೋಡಿದವರು. ಮುದ್ದೆಯೊಳಗೆ ಹಿತ್ತಾಳೆಯ ನಟ್ಟು ಹುದುಗಿಸಿಕೊಂಡು ಹೊರಟವನನ್ನು ಹಿಡಿದ ಕೀರ್ತಿ ಅವರದು. ಬೆಳಿಗ್ಗೆ ತಂದ ಮುದ್ದೆಯನ್ನು ತಿನ್ನದೆ ಸಂಜೆ ವಾಪಸ್ ಯಾಕೆ ಒಯ್ಯುತ್ತಾನೆ ಎಂಬ ಒಂದೇ ಪ್ರಶ್ನೆ ಕೇಳಿಕೊಂಡರು, ಕಳ್ಳ ಸಿಕ್ಕಿದ. ಕಾರ್ಖಾನೆ ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿ ಐದು ವರ್ಷವಾದರೂ ಗೇಟು ಅವರನ್ನು ಬಿಟ್ಟಿಲ್ಲ. ಈಗಲೂ ನಡುಮನೆಯಲ್ಲಿ ಕುರ್ಚಿಯನ್ನು ಬಾಗಿಲಿಗೆ ನೇರ ಹಾಕಿಕೊಂಡು, ಮನೆಯ ಗೇಟಿನ ಮೇಲೆ ಕಣ್ಣಿಟ್ಟು ಕೂರುತ್ತಾರೆ. ಹಾಲಿನ ಪ್ಯಾಕೆಟ್ಟನ್ನು ಕೈಯಲ್ಲಿ ತೂಗಿ ನೋಡದೆ ಒಳಗೆ ಬಿಡುವುದಿಲ್ಲ.

ಈ ಅನುಮಾನ ನೌಕರಿಯಿಂದ ಮಾತ್ರ ಬಂದದ್ದಲ್ಲ. ಅವರ ತಂದೆ ಲಕ್ಷ್ಮಯ್ಯನ ಕಾಲದಲ್ಲಿ ಒಬ್ಬ ಮನುಷ್ಯ ಒಂದು ಗೊನೆ ಬಾಳೆಹಣ್ಣು ಹೊತ್ತುಕೊಂಡು ಮನೆಗೆ ಬಂದು, ಅಣ್ಣಾ ಅಣ್ಣಾ ಎಂದು ಬಾಯಿ ತುಂಬ ಕರೆದು, ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಕೆರೆ ಪಕ್ಕದ ರಾಗಿ ಹೊಲ ಅವತ್ತೇ ಹೋಯಿತು. ಈಗ ಅಲ್ಲಿ ಗಾಜಿನ ಕಟ್ಟಡ ನಿಂತಿದೆ. ಹನುಮಂತಯ್ಯ ಆ ದಾರಿಯಲ್ಲಿ ಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಾರೆ. ಬಾಳೆಹಣ್ಣು ತಂದವನನ್ನು ನಂಬಬೇಡ ಕಣೋ ಎಂಬುದು ಅಪ್ಪ ಬಿಟ್ಟುಹೋದ ಆಸ್ತಿ.

ಉಳಿದ ಜಾಗದಲ್ಲಿ ಮೂರು ಅಂತಸ್ತು ಎತ್ತಿ, ಎಂಟು ಮನೆ ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಬಾಡಿಗೆಗೆ ಬರುವವರಿಗೆ ಅವರದೇ ಕಾನೂನು. ಆಧಾರ್ ಕಾರ್ಡಿನ ಹಿಂದೆ ಮುಂದೆ ಸ್ಕ್ಯಾನ್ ಆಗಬೇಕು, ಒಂದು ಜೆರಾಕ್ಸ್ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು. ಇಷ್ಟು ಊರಿನವರೆಲ್ಲ ಮಾಡುತ್ತಾರೆ. ಹನುಮಂತಯ್ಯನದು ಅದರ ಮೇಲೆ ಇನ್ನೊಂದು. ಬಾಡಿಗೆದಾರರು ಗೇಟಿನ ಪಕ್ಕ, ಮನೆಯ ಹೆಸರು ಮತ್ತು ಅಡ್ಡರಸ್ತೆಯ ನಂಬರು ಕಾಣುವಂತೆ, ಕಾರ್ಡನ್ನು ಗದ್ದದ ಕೆಳಗೆ ಹಿಡಿದು ನಿಲ್ಲಬೇಕು. ಇವರು ಫೋಟೋ ತೆಗೆಯುತ್ತಾರೆ. ನಾಳೆ ಯಾರಾದರೂ ನಾನು ಆ ಮನೆಯಲ್ಲಿ ಇರಲೇ ಇಲ್ಲ ಅಂದರೆ? ಎಲ್ಲರೂ ನಿಂತರು, ಎಲ್ಲರೂ ಒಳಗೊಳಗೇ ಬೈದುಕೊಂಡರು. ಮೊದಲ ಮಹಡಿಯ ಪ್ರಸನ್ನ, ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿ ನೋಡಿಕೊಳ್ಳುವ ಹುಡುಗ, "ಸೈಡ್ ಪೋಸೂ ಬೇಕಾ ಸಾರ್?" ಎಂದು ಕೇಳಿ, ಅವತ್ತಿನಿಂದಲೇ ಹನುಮಂತಯ್ಯನ ಅನುಮಾನದ ಪಟ್ಟಿಯಲ್ಲಿ ಮೇಲಕ್ಕೆ ಏರಿದ.

ಈ ಫೋಟೋಗಳೆಲ್ಲ ನಡುಮನೆಯ ಕಂಪ್ಯೂಟರಿನಲ್ಲಿ ಕೂತಿದ್ದವು. ಮಗ ಬಾಲಾಜಿಯ ಓದಿಗೆಂದು ತಂದ ಯಂತ್ರ ಅದು. ಬಾಲಾಜಿ ಓದಿದ್ದು ಸಾಕೆಂದು ಟೈಲ್ಸ್ ಅಂಗಡಿ ಇಟ್ಟ, ಯಂತ್ರ ಅಲ್ಲೇ ಉಳಿಯಿತು. ಹನುಮಂತಯ್ಯನಿಗೆ ಅರವತ್ತು ತುಂಬಿದಾಗ ಸೊಸೆ ವೇಣಿ ಹಳೆಯ ಆಲ್ಬಂಗಳನ್ನೆಲ್ಲ ಅದಕ್ಕೆ ತುಂಬಿ, ಯಾರೂ ಮುಟ್ಟದೆ ಹತ್ತು ನಿಮಿಷವಾದರೆ ಒಂದಾದ ಮೇಲೊಂದು ಫೋಟೋ ತೋರಿಸುವ ಏರ್ಪಾಟು ಮಾಡಿಕೊಟ್ಟಿದ್ದಳು. ಹೆಂಡತಿ ಮುನಿಯಕ್ಕನಿಗೆ ಅದು ಟೀವಿಗಿಂತ ಪ್ರೀತಿ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಎಲ್ಲವೂ ಅದರ ಎದುರಿಗೇ. ಹನುಮಂತಯ್ಯ ನೋಡಿದ್ದು ಮೊದಲ ದಿನ ಮಾತ್ರ. ಅವರ ಮುಖ ಗೇಟಿಗೆ, ಬೆನ್ನು ಕಂಪ್ಯೂಟರಿಗೆ.

ಎರಡನೇ ಮಹಡಿಯ ಹಿಂದಿನ ಮನೆಗೆ ಲಾವಣ್ಯ ಬಂದು ಎರಡು ತಿಂಗಳಾಗಿತ್ತು. ಚಿಂತಾಮಣಿ ಕಡೆಯ ಹುಡುಗಿ, ಇಲ್ಲಿನ ಒಂದು ಎಲೆಕ್ಟ್ರಾನಿಕ್ಸ್ ಘಟಕದಲ್ಲಿ ಫಸ್ಟ್ ಶಿಫ್ಟು. ಒಂಟಿ ಹೆಂಗಸು ಎಂದು ಹನುಮಂತಯ್ಯ ಕಾರ್ಡನ್ನು ಮೂರು ಸಲ ತಿರುಗಿಸಿ ನೋಡಿದ್ದರು. ಗೇಟಿನ ಮುಂದೆ ಕಾರ್ಡು ಹಿಡಿಯುವಾಗ ಅವಳ ಎಡಗೈ ಮಣಿಕಟ್ಟು ಸರಿಯಾಗಿ ತಿರುಗಲಿಲ್ಲ. ಅದನ್ನೂ ಗಮನಿಸಿ, ಏನೋ ಬಚ್ಚಿಡುತ್ತಿದ್ದಾಳೆ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದರು.

ಒಂದು ಭಾನುವಾರ ಬೆಳಿಗ್ಗೆ ಮುನಿಯಕ್ಕ ಗುಡಿಗೆ ಹೋಗಿದ್ದ ಹೊತ್ತು ನೋಡಿಕೊಂಡು ಅವಳು ಕೆಳಗೆ ಬಂದಳು.

"ಅಂಕಲ್, ನನ್ನ ಕಾರ್ಡು, ಆ ಗೇಟ್ ಫೋಟೋ ನಿಮ್ಮ ಕಂಪ್ಯೂಟರಲ್ಲಿದೆ ಅಲ್ವಾ? ಅದನ್ನ ಡಿಲೀಟ್ ಮಾಡ್ಬಿಡ್ತೀರಾ? ಸ್ಟೇಷನ್‌ಗೆ ಕೊಟ್ಟಿರೋದು ಇರ್ಲಿ."

ಹನುಮಂತಯ್ಯನ ಕಿವಿ ನೆಟ್ಟಗಾಯಿತು. ಇಪ್ಪತ್ತೇಳು ವರ್ಷದಲ್ಲಿ ಗೇಟು ದಾಟುವ ಮೊದಲೇ ರಿಜಿಸ್ಟರಿನಲ್ಲಿ ನನ್ನ ಹೆಸರು ಹೊಡೆದುಹಾಕಿ ಎಂದವರು ಯಾರೂ ಒಳ್ಳೆಯವರಾಗಿರಲಿಲ್ಲ.

"ಯಾಕಮ್ಮ? ಏನ್ ಮಾಡ್ಕೊಂಡು ಬಂದಿದ್ದೀಯ?"

ಅವಳು ಗೇಟಿನ ಕಡೆ ಒಂದು ಸಲ ನೋಡಿ ಹೇಳಿದಳು. ಮಾಡಿದ್ದು ಅವಳಲ್ಲ, ಅವಳ ಗಂಡ. ಮಣಿಕಟ್ಟು ತಿರುಗದಂತೆ ಮಾಡಿದ್ದೂ ಅವನೇ. ದೂರು ಕೊಟ್ಟು, ಮನೆ ಬಿಟ್ಟು, ಬ್ರೂಕ್‌ಫೀಲ್ಡ್‌ನ ಒಂದು ಪೀಜಿಯಲ್ಲಿ ಸೇರಿಕೊಂಡಿದ್ದಳು. ಅಲ್ಲಿಯ ಮೇಲ್ವಿಚಾರಕಿ ಅವಳ ಕಾರ್ಡಿನ ಫೋಟೋವನ್ನು, ಕೇಳಿದ ಯಾರಿಗೋ ಫೋನಿನಲ್ಲಿ ಕಳಿಸಿದಳಂತೆ. ಮೂರನೇ ದಿನ ಗಂಡ ಪೀಜಿಯ ಬಾಗಿಲಲ್ಲಿ ನಿಂತಿದ್ದ.

"ಇನ್ನೊಂದ್ಸಲ ಕೈಗೆ ಸಿಕ್ರೆ ಜೀವಂತ ಬಿಡಲ್ಲ ಅಂದಿದಾನೆ ಅಂಕಲ್. ನಿಮ್ಮ ಮೇಲೆ ಅನುಮಾನ ಅಂತಲ್ಲ. ಫೋಟೋ ಇದ್ರೆ ಯಾರ ಕೈಗೋ ಹೋಗತ್ತೆ."

ಹನುಮಂತಯ್ಯನಿಗೆ ಆ ಕ್ಷಣಕ್ಕೆ ನಾಚಿಕೆಯಾಯಿತು. ಹುಡುಗಿ ನೋವು ಹೇಳಿಕೊಳ್ಳುವ ಮೊದಲು ಡಬ್ಬಿ ಬಿಚ್ಚಿಸಲು ಹೊರಟಿದ್ದೆನಲ್ಲ ಅನ್ನಿಸಿತು. "ಇವತ್ತು ಸಂಜೆಯೊಳಗೆ ತೆಗೀತೀನಿ. ಮಾತು ಅಂದ್ರೆ ಮಾತು," ಎಂದರು. ವಿಷಯವನ್ನು ಯಾರಿಗೂ, ಅದರಲ್ಲೂ ಮುನಿಯಕ್ಕನಿಗೆ, ಹೇಳಬಾರದೆಂದೂ ತೀರ್ಮಾನಿಸಿದರು. ಬಾಗಿಲಿಗೆ ಬಂದ ಹೂವಿನವಳ ಜೊತೆಯೂ ಅರ್ಧ ಗಂಟೆ ಮಾತಾಡುವ ಹೆಂಗಸಿನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ ಎಂಬುದು ಅವರ ಲೆಕ್ಕ. ನಲವತ್ತು ವರ್ಷದ ಸಂಸಾರದಲ್ಲಿ ಈ ಲೆಕ್ಕವನ್ನು ಅವರು ಒಂದು ಸಲವೂ ತಾಳೆ ನೋಡಿರಲಿಲ್ಲ.

ಸಂಜೆ ಕನ್ನಡಕ ಒರೆಸಿಕೊಂಡು ಕೂತರು. ಸ್ವಿಚ್ ಹಾಕುತ್ತಲೇ ಪರದೆ ಬೆಳಗಿತು. ಲಾವಣ್ಯಳ ಫೋಲ್ಡರ್ ಹುಡುಕಿ ಡಿಲೀಟ್ ಒತ್ತಿದರು. ಪರದೆಯ ನಡುವೆ ಒಂದು ಇಂಗ್ಲಿಷ್ ಪೆಟ್ಟಿಗೆ ಎದ್ದು ನಿಂತಿತು. ಮತ್ತೆ ಒತ್ತಿದರು, ಮತ್ತೆ ಅದೇ ಪೆಟ್ಟಿಗೆ. ಹೆಸರು ಬದಲಾಯಿಸಲು ನೋಡಿದರೆ ಅದಕ್ಕೂ ಅದೇ. ಕೊನೆಗೆ ಸೊಸೆಯನ್ನು ಕರೆದು, ಯಾವ ಫೋಲ್ಡರ್ ಎಂಬುದು ಕಾಣದಂತೆ ಅಂಗೈಯಿಂದ ಪರದೆ ಮುಚ್ಚಿ ಹಿಡಿದು, ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ಓದಿಸಿದರು.

"ಇದನ್ನ ಬೇರೆ ಕಡೆ ಯಾವುದರಲ್ಲೋ ಓಪನ್ ಮಾಡಿಟ್ಟಿದ್ದಾರಂತೆ ಮಾವ. ಅದನ್ನ ಕ್ಲೋಸ್ ಮಾಡಿದ್ರೆ ಡಿಲೀಟ್ ಆಗತ್ತೆ," ಎಂದಳು ವೇಣಿ, ಒಲೆಯ ಮೇಲಿನ ಹಾಲಿನ ನೆನಪಾಗಿ ಓಡುತ್ತಾ.

ಓಪನ್ ಮಾಡಿಟ್ಟಿದ್ದಾರೆ. ಯಾರು? ಹನುಮಂತಯ್ಯ ಎದ್ದು ಹೋಗಿ ಗೇಟಿನ ಚಿಲಕ ನೋಡಿ ಬಂದರು. ತನ್ನ ಮನೆಯ ಯಂತ್ರದಲ್ಲಿರುವ ಹುಡುಗಿಯ ಫೋಟೋವನ್ನು ಇನ್ನೆಲ್ಲೋ ಯಾರೋ ತೆರೆದಿಟ್ಟುಕೊಂಡು ನೋಡುತ್ತಿದ್ದಾರೆ. ಅವತ್ತು ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟೆದ್ದರು.

ಮರುದಿನದಿಂದ ವಿಚಾರಣೆ ಶುರುವಾಯಿತು. ಮೊದಲು ವೇಣಿ. ಇಷ್ಟು ಬೇಗ ಓದಿ ಹೇಳಿದಳಲ್ಲ, ಮೊದಲೇ ಗೊತ್ತಿತ್ತೇ? ಅವಳ ಫೋನು ಮೇಜಿನ ಮೇಲಿದ್ದಾಗ ಎರಡು ಸಲ ಓರೆಗಣ್ಣಲ್ಲಿ ನೋಡಿದರು. ಆಮೇಲೆ ಬ್ರೋಕರ್ ನರೇಶ. ಮನೆ ತೋರಿಸುವ ನೆಪದಲ್ಲಿ ವಾರಕ್ಕೆರಡು ಸಲ ಬಂದು ನಡುಮನೆಯಲ್ಲಿ ಕಾಫಿ ಕುಡಿದು ಹೋಗುವವನು. ಕಂಪ್ಯೂಟರಲ್ಲೊಂದು ಫೈಲು ಹೋಗುತ್ತಿಲ್ಲ ಎಂದು ಮೀನಿಗೆ ಗಾಳ ಹಾಕುವಂತೆ ಅವನ ಮುಂದೆ ಎಸೆದು ಮುಖ ನೋಡಿದರು.

"ಅಯ್ಯೋ, ಅದಕ್ಕೊಂದು ಸಾಫ್ಟ್‌ವೇರ್ ಇದೆ ಅಣ್ಣ, ಫ್ರೀ. ನೆಟ್ಟಿಂದ ಇಳಿಸ್ಕೊಂಡ್ರೆ ಎಂಥಾ ಫೈಲನ್ನಾದ್ರೂ ಕಿತ್ತು ಬಿಸಾಕತ್ತೆ. ಹಾಕ್ಕೊಡ್ಲಾ?"

ಪುಕ್ಕಟೆ, ಅದೂ ನರೇಶನ ಕೈಯಿಂದ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು ಹನುಮಂತಯ್ಯ ಕೀಬೋರ್ಡಿನ ಮೇಲೆ ಟವೆಲ್ ಹೊದಿಸಿದರು. ಅವನು ಹೋದ ಮೇಲೆ ಅವನು ಕೂತಿದ್ದ ಕುರ್ಚಿಯ ಸುತ್ತಲೂ ಒಮ್ಮೆ ನೋಡಿ ಬಂದರು. ಏನು ಹುಡುಕಿದರು ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ.

ಉಳಿದವನು ಪ್ರಸನ್ನ. ಕಂಪ್ಯೂಟರ್ ಬಲ್ಲವನು, ಸಾಲದ್ದಕ್ಕೆ ಇಡೀ ಕಟ್ಟಡದ ವೈಫೈ ಎಳೆಸಿಕೊಟ್ಟವನೂ ಅವನೇ. ತಾರಸಿಯ ಮೆಟ್ಟಿಲಲ್ಲಿ ಎದುರಾದಾಗ, ನೆಂಟರ ಮನೆಯ ಕಂಪ್ಯೂಟರಿನ ಕಥೆಯೆಂಬಂತೆ ಕೇಳಿದರು.

"ಬಲವಂತವಾಗಿ ಕೀಳೋದು ಬೇಡ ಸಾರ್, ಬೇರೆ ಏನಾದ್ರೂ ಕೆಟ್ಟುಹೋಗತ್ತೆ," ಅಂದ ಪ್ರಸನ್ನ. "ಏನೋ ಒಂದು ಅದನ್ನ ಹಿಡ್ಕೊಂಡಿರತ್ತೆ. ಏನು ಹಿಡ್ಕೊಂಡಿದೆ ಅಂತ ನೋಡಿ, ಅದನ್ನ ಮೊದಲು ನಿಲ್ಲಿಸ್ಬೇಕು. ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಕೆ ಹೇಳಿ ನಿಮ್ಮ ನೆಂಟ್ರಿಗೆ. ಆಗ್ಲಿಲ್ಲ ಅಂದ್ರೆ ನನ್ನ ಕರೀರಿ, ಎರಡು ನಿಮಿಷದ ಕೆಲಸ."

ಎರಡು ನಿಮಿಷದ ಕೆಲಸ ಎಂದು ಕರೆಸಿಕೊಳ್ಳಲು ಆತುರ ಯಾಕೆ? ಹನುಮಂತಯ್ಯ ಅವನನ್ನು ಕರೆಯಲಿಲ್ಲ. ರೀಸ್ಟಾರ್ಟ್ ಮಾತ್ರ ಮಾಡಿದರು, ಒಂದಲ್ಲ ಐದು ಸಲ. ಯಂತ್ರ ಮತ್ತೆ ಎದ್ದಾಗಲೆಲ್ಲ ಆ ಇಂಗ್ಲಿಷ್ ಪೆಟ್ಟಿಗೆಯೂ ಜೊತೆಗೇ ಏಳುತ್ತಿತ್ತು.

ಬುಧವಾರ ಶಿಫ್ಟು ಮುಗಿಸಿ ಬಂದ ಲಾವಣ್ಯ ಗೇಟಿನಲ್ಲಿ ನಿಂತು, "ಆಯ್ತಾ ಅಂಕಲ್?" ಎಂದು ಕೇಳಿದಳು.

"ಆಯ್ತಮ್ಮ," ಅಂದುಬಿಟ್ಟರು ಹನುಮಂತಯ್ಯ.

ಅವಳು ಕೈ ಮುಗಿದು ಮೆಟ್ಟಿಲು ಹತ್ತಿದಳು. ಜನ್ಮದಲ್ಲಿ ನೂರಾರು ಜನರ ಸುಳ್ಳು ಹಿಡಿದ ಮನುಷ್ಯನಿಗೆ ತನ್ನ ನಾಲಗೆಯ ಮೇಲಿನ ಸುಳ್ಳು ಇಡೀ ಸಂಜೆ ಕಹಿಯಾಗಿಯೇ ಉಳಿಯಿತು.

ಗುರುವಾರ ಹನ್ನೊಂದು ಗಂಟೆಗೆ ಒಬ್ಬ ಬೈಕಿನಲ್ಲಿ ಬಂದ. ಗೇಟಿನ ಹೊರಗೇ ಹೆಲ್ಮೆಟ್ ತೆಗೆದು, ಚಪ್ಪಲಿ ಬಿಟ್ಟು, ಒಳಗೆ ಬರಬಹುದಾ ಎಂದು ಕೇಳಿ ಬಂದ. ಹೆಸರು ಶಿವಶಂಕರ್ ಎಂದ. ಮನೆ ಖಾಲಿ ಇದೆಯಾ ಎಂದು ಕೇಳಿದ. ಹನುಮಂತಯ್ಯ ಇಲ್ಲವೆಂದರೂ ಬೇಸರ ಮಾಡಿಕೊಳ್ಳದೆ, ಈ ಕಡೆಯೆಲ್ಲ ಮೊದಲು ರಾಗಿ ಹೊಲವಂತೆ ನಿಜವೇ, ಕೆರೆ ಎಲ್ಲಿಯವರೆಗೆ ಇತ್ತು, ನಿಮ್ಮಂಥ ಹಳಬರು ಹೇಳಿದರೇ ಗೊತ್ತಾಗುವುದು ಎಂದೆಲ್ಲ ವಿಚಾರಿಸಿದ. ಹನುಮಂತಯ್ಯನನ್ನು ಹೊಲದ ಬಗ್ಗೆ ಯಾರಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. ಮನುಷ್ಯ ಮರ್ಯಾದಸ್ಥ ಎನ್ನಿಸಿತು. ಕೈಯಲ್ಲಿ ಹಣ್ಣಿನ ಚೀಲವೂ ಇತ್ತು, ಆದರೆ ಬಾಳೆಹಣ್ಣಲ್ಲ, ಸೇಬು. ಅಪ್ಪ ಸೇಬಿನ ಬಗ್ಗೆ ಏನೂ ಹೇಳಿರಲಿಲ್ಲ. ಹೀಗಾಗಿ, ಸೊಸೆಯ ಫೋನನ್ನೇ ನಂಬದ ಹನುಮಂತಯ್ಯ, ಗುರುತು ಪರಿಚಯವಿಲ್ಲದವನನ್ನು ನಡುಮನೆಗೆ ಕರೆದು ಕೂರಿಸಿ, "ಒಂದು ಕಾಫಿ ಮಾಡು" ಎಂದು ಹೆಂಡತಿಗೆ ಕೂಗಿ ಹೇಳಿದರು. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಆ ಮನೆಯಲ್ಲಿ ಇಲ್ಲ.

ಅವರ ಮುಖ ಎಂದಿನಂತೆ ಗೇಟಿಗೆ. ಅತಿಥಿಯ ಕುರ್ಚಿ ಅವರ ಎದುರಿಗೆ, ಕಂಪ್ಯೂಟರಿನ ಕಡೆಗೆ ತಿರುಗಿಕೊಂಡಿತ್ತು. ಮುನಿಯಕ್ಕ ಕಾಫಿ ತಂದುಕೊಟ್ಟು, ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯತೊಡಗಿದರು. ಬೆಳಿಗ್ಗೆಯೆಲ್ಲ ಫೈಲಿನ ಜೊತೆ ಗುದ್ದಾಡಿ ಹನುಮಂತಯ್ಯ ಎದ್ದು ಬಂದಿದ್ದ ಕಂಪ್ಯೂಟರು ಇವರ ಬೆನ್ನ ಹಿಂದೆ ತನ್ನಷ್ಟಕ್ಕೆ ತಾನು ಉರಿಯುತ್ತಿತ್ತು.

ಅರ್ಧ ಕಾಫಿಯಾದ ಮೇಲೆ ಶಿವಶಂಕರ್ ಫೋನು ತೆಗೆದ. "ಅಣ್ಣ, ನಿಮ್ಮ ಹತ್ರ ಮುಚ್ಚಿಡೋದೇನು. ಮನೆ ನೋಡೋಕೆ ಅಂತ ಬಂದಿದ್ದಲ್ಲ. ನಮ್ಮ ತಂಗಿ, ತಲೆ ಸ್ವಲ್ಪ ಸರಿಯಿಲ್ಲ, ಮನೆ ಬಿಟ್ಟು ಬಂದ್ಬಿಟ್ಟಿದಾಳೆ. ಈ ಬೀದೀಲಿ ನೋಡ್ದಂಗಾಯ್ತು ಅಂತ ಯಾರೋ ಹೇಳಿದ್ರು. ಅಮ್ಮ ಊಟ ಬಿಟ್ಟು ಕೂತಿದಾಳೆ. ಇವಳೇ, ನೋಡಿ."

ಫೋನಿನಲ್ಲಿ ಲಾವಣ್ಯ ಇದ್ದಳು. ಧಾರೆ ಸೀರೆ, ಕೊರಳಲ್ಲಿ ಹಾರ. ಪಕ್ಕದಲ್ಲಿದ್ದವರನ್ನು ಕತ್ತರಿಸಿ ತೆಗೆದಿದ್ದರು. ಒಂದು ಕೈ ಮಾತ್ರ ಅವಳ ಹೆಗಲ ಮೇಲೆ ಉಳಿದಿತ್ತು. ಆ ಕೈಯಲ್ಲಿ ಮದುವೆಯ ಕಂಕಣ, ಬೆರಳಲ್ಲಿ ಕೆಂಪು ಹರಳಿನ ಉಂಗುರ. ಹನುಮಂತಯ್ಯನ ಗೇಟಿನ ಕಣ್ಣು ಕಾಫಿ ಲೋಟ ಹಿಡಿದ ಕೈಗೆ ಹೋಯಿತು. ಅದೇ ಉಂಗುರ ಅಲ್ಲೂ ಇತ್ತು. ತಂಗಿಯ ಮದುವೆಯಲ್ಲಿ ಕಂಕಣ ಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲುವ ಅಣ್ಣ ಎಲ್ಲಾದರೂ ಇದ್ದಾನೆಯೇ?

ಅವರ ಮುಖ, ದೇವರ ದಯೆ, ಇಪ್ಪತ್ತೇಳು ವರ್ಷ ಗೇಟಿನಲ್ಲಿ ಪಳಗಿದ ಮುಖ. "ಇಲ್ಲಪ್ಪ. ಈ ಕಡೆ ನೋಡಿಲ್ಲ," ಎಂದರು.

ಮುನಿಯಕ್ಕ ಕತ್ತು ಚಾಚಿ ಫೋನಿನ ಫೋಟೋ ನೋಡಿದರು. ಗಂಡನ ಮುಖ ನೋಡಿದರು. ಆಮೇಲೆ ಗಂಡನ ಭುಜದ ಮೇಲಿಂದ ಇನ್ನೆಲ್ಲೋ ನೋಡಿ, ಮಡಿಲಲ್ಲಿದ್ದ ಅವರೆಕಾಯಿಯನ್ನು ನೆಲಕ್ಕೆ ಕೊಡವಿ, ಮಂಡಿ ಹಿಡಿದುಕೊಂಡು ಎದ್ದರು. ನೆಟ್ಟಗೆ ಹೋಗಿ ಕಂಪ್ಯೂಟರಿನ ಮುಂದೆ ಅಡ್ಡ ನಿಂತು, ಗೋಡೆಯ ಸ್ವಿಚ್ಚನ್ನು ಪಟ್ಟನೆ ಆರಿಸಿದರು. ಆ ಯಂತ್ರವನ್ನು ಅವರು ಮುಟ್ಟಿದ್ದು ಅದೇ ಮೊದಲು.

"ಹಾಗೆ ಆಫ್ ಮಾಡ್ಬಾರ್ದು ಅಮ್ಮ, ಹಾಳಾಗತ್ತೆ," ಅಂದ ಶಿವಶಂಕರ್.

"ನಮ್ಮನೇದು ಇಂಗೇ ಕಣಪ್ಪ. ಸುಮ್ನೆ ಕರೆಂಟು ಓಗ್ತದೆ," ಎಂದು ಮುನಿಯಕ್ಕ ಅಲ್ಲೇ ನಿಂತುಕೊಂಡರು. "ಕಾಫಿ ಆರೋಯ್ತಲ್ಲ, ಕುಡಿ."

ಅವನು ಕುಡಿದ. ಸೇಬಿನ ಚೀಲವನ್ನು ಅಲ್ಲೇ ಇಟ್ಟು, ಏನಾದರೂ ತಿಳಿದರೆ ಫೋನ್ ಮಾಡಿ ಎಂದು ನಂಬರು ಬರೆದುಕೊಟ್ಟು, ಹೆಲ್ಮೆಟ್ ಹಾಕಿಕೊಂಡು ಹೋದ. ಹನುಮಂತಯ್ಯ ಬೈಕಿನ ನಂಬರು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಗೇಟಿಗೆ ಚಿಲಕ ಹಾಕಿ ಬಂದು, ಮೊದಲು ಹೆಂಡತಿಯ ಮೇಲೆ ರೇಗಿದರು.

"ನಿಂಗೇನು ಬಂದಿತ್ತು? ಅದನ್ನ ಯಾಕೆ ಆರಿಸ್ದೆ?"

"ಧನಲಕ್ಷ್ಮಿ ಮದ್ವೆ ಮುಗೀತಾ ಬಂದಿತ್ತು."

ಧನಲಕ್ಷ್ಮಿ ಹನುಮಂತಯ್ಯನ ತಂಗಿ. ಮದುವೆಯಾಗಿ ಮೂವತ್ತೆರಡು ವರ್ಷವಾಯಿತು.

"ಏನ್ ಮಾತಾಡ್ತಿದ್ದೀಯ?"

"ಫೋಟೋ ಬತ್ತಾವಲ್ಲ ಅದ್ರಲ್ಲಿ. ಧನಲಕ್ಷ್ಮಿ ಮದ್ವೇದು ಬತ್ತದೆ, ಕಡೇಲಿ ಜೀಪಿನ ಮುಂದೆ ಇಬ್ರೂ ನಿಂತಿರ್ತಾರೆ. ಅದಾದ್ಮೇಲೆ ನಿಮ್ಮ ಬಾಡಿಗೆಯೋರು. ಮೊದ್ಲು ಆ ಮೇಲಿನ್ಮನೆ ಹುಡ್ಗಿ, ನಮ್ಮ ಗೇಟಿನ ಮುಂದೆ, ಕಾರ್ಡು ಇಟ್ಕೊಂಡು. ಜೀಪು ಬಂದಿತ್ತು. ಇನ್ನೊಂದು ಚಣ ಬಿಟ್ಟಿದ್ರೆ ಆ ಹುಡ್ಗಿ ಬತ್ತಿದ್ಲು."

ಹನುಮಂತಯ್ಯ ಕುರ್ಚಿಯ ತೋಳು ಹಿಡಿದುಕೊಂಡು ಕೂತರು.

"ದಿನಾ ಬತ್ತದಾ?"

"ಎರಡು ತಿಂಗಳಿಂದ. ದಿನಕ್ಕೆ ಐದಾರು ಸಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವೇ ಆಕಿದ್ದೀರ ಅಂದ್ಕೊಂಡೆ. ಗೇಟು ಕಾಯೋರು, ಎಲ್ಲಾರ ಮಕನೂ ಕಣ್ಮುಂದೆ ಇರ್ಲಿ ಅಂತ." ಮುನಿಯಕ್ಕ ನೆಲದ ಮೇಲಿನ ಅವರೆಕಾಯಿ ಆಯತೊಡಗಿದರು. "ನಾಕು ದಿನದಿಂದ ಏನೋ ಉಡುಕ್ತಾ ಅವ್ರೆ ಅಂತ ಗೊತ್ತಾಯ್ತು. ಸೊಸೇನ ಕೇಳಿದ್ರಿ, ಆ ಬ್ರೋಕರ್‌ನ ಕೇಳಿದ್ರಿ. ನನ್ನ ಕೇಳಿದ್ರಾ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯನ್ನು ಹನುಮಂತಯ್ಯ ಇನ್ನೊಬ್ಬರಿಗೆ ಎಷ್ಟು ಸಲ ಹೇಳಿದ್ದರೋ. ಅವತ್ತು ಅದಕ್ಕಿಂತ ಕಠಿಣವಾದದ್ದು ನೆನಪಿಗೆ ಬಂತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹುಡುಗಿಯ ಮುಖ, ಮನೆಯ ಹೆಸರು, ಅಡ್ಡರಸ್ತೆಯ ನಂಬರು ಎಲ್ಲವನ್ನೂ ಎರಡು ತಿಂಗಳು ತೆರೆದಿಟ್ಟು, ಬಂದವರನ್ನೆಲ್ಲ ಕರೆದು ಎದುರಿಗೆ ಕೂರಿಸಿ, ಕಾಫಿ ಕೊಟ್ಟು ತೋರಿಸಿದವರು ತಾವೇ. ಈ ಬೀದಿಯಲ್ಲಿ ನೋಡಿದೆ ಎಂದ ಆ ಯಾರೋ, ಇದೇ ಕುರ್ಚಿಯಲ್ಲಿ ಕೂತು ನೋಡಿದವನಲ್ಲ ಎಂದು ಹೇಳುವವರು ಯಾರು? ಅವರ ಕಣ್ಣು ತುಂಬಿ ಬಂತು. ಅದನ್ನು ಹೆಂಡತಿಯಿಂದ ಮುಚ್ಚಿಡಲು ಹೋಗಲಿಲ್ಲ.

ತಾವೇ ಮೊದಲ ಮಹಡಿಗೆ ಹತ್ತಿ, ಪ್ರಸನ್ನನ ಬಾಗಿಲು ತಟ್ಟಿದರು. ಅವನು ಅವತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಕೆಳಗೆ ಬಂದು ಯಂತ್ರ ಹೊತ್ತಿಸಿ, ಒಳಗೊಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಪಟ್ಟಿ ತೆರೆದ.

"ನೋಡಿ ಸಾರ್, ಇಲ್ಲಿದೆ ಕಳ್ಳ. ಫೋಟೋ ತೋರಿಸೋ ಪ್ರೋಗ್ರಾಂ. ಕಂಪ್ಯೂಟರ್ ಆನ್ ಆದ ತಕ್ಷಣ ತಾನೂ ಆನ್ ಆಗಿ, ಫೋಟೋ ಇರೋ ಫೋಲ್ಡರ್ ಎಲ್ಲಾನೂ ಹಿಡ್ಕೊಂಡು ಕೂತ್ಕೊಳತ್ತೆ. ನೀವು ಸ್ಕ್ಯಾನ್ ಮಾಡಿದ್ದೂ ಅದೇ ಜಾಗಕ್ಕೆ ಹೋಗಿ ಬಿದ್ದಿದೆ. ಅದಕ್ಕೇ ರೀಸ್ಟಾರ್ಟ್ ಮಾಡಿದ್ರೂ ಹೋಗ್ಲಿಲ್ಲ."

ಮೊದಲು ಅದನ್ನು ನಿಲ್ಲಿಸಿದ. ಆಮೇಲೆ ಫೋಲ್ಡರಿನ ಮೇಲೆ ಡಿಲೀಟ್ ಒತ್ತಿದ. ಇಂಗ್ಲಿಷ್ ಪೆಟ್ಟಿಗೆ ಏಳಲೇ ಇಲ್ಲ. ಕಸದ ಬುಟ್ಟಿಯಲ್ಲೂ ಉಳಿಯದಂತೆ ಖಾಲಿ ಮಾಡಿದ. ಫೋಟೋಗಳು ತಾವಾಗಿಯೇ ಇಂಟರ್‌ನೆಟ್ಟಿಗೆ ಹೋಗಿ ಕೂರುವ ಇನ್ನೊಂದು ಜಾಗವನ್ನು, ಹೊರಗೆ ಹೋಗಿದ್ದ ವೇಣಿಗೆ ಫೋನ್ ಮಾಡಿ ತೆರೆಸಿ ಅಲ್ಲಿಂದಲೂ ತೆಗೆಸಿದ. ಹನುಮಂತಯ್ಯ ತಮ್ಮ ಫೋನಿನಲ್ಲಿದ್ದ ಮೂಲ ಫೋಟೋವನ್ನು ತಾವಾಗಿಯೇ ಮುಂದಿಟ್ಟರು.

"ಆ ಬ್ರೋಕರ್ ಹೇಳಿದ ಫ್ರೀ ಸಾಫ್ಟ್‌ವೇರ್ ಹಾಕ್ದೇ ಇದ್ದದ್ದು ಒಳ್ಳೇದಾಯ್ತು ಸಾರ್," ಅಂದ ಪ್ರಸನ್ನ. "ಎಷ್ಟೋ ಸಲ ಅದರ ಜೊತೇಲೇ ಕಳ್ಳ ಒಳಗೆ ಬರ್ತಾನೆ. ನಿಮ್ಮ ಅನುಮಾನ ಅಲ್ಲಿ ಸರಿಯಾಗೇ ಕೆಲಸ ಮಾಡಿದೆ."

ಹೊಗಳಿಕೆ ಹನುಮಂತಯ್ಯನ ಕಿವಿಗೆ ಬೀಳಲಿಲ್ಲ. "ಉಳಿದವರದ್ದೂ ತೆಗೆದ್ಬಿಡು. ನಿಂದೂ," ಎಂದರು.

ಮೂರು ಗಂಟೆಗೆ ಲಾವಣ್ಯ ಬಂದಳು. ಅವಳನ್ನು ಒಳಗೆ ಕೂರಿಸಿ ಹನುಮಂತಯ್ಯ ಎಲ್ಲವನ್ನೂ ಹೇಳಿದರು. ಬುಧವಾರ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಅವಳು ಬಲಗೈಯಿಂದ ಎಡ ಮಣಿಕಟ್ಟನ್ನು ಹಿಡಿದುಕೊಂಡು, ಈ ಎರಡು ತಿಂಗಳಲ್ಲಿ ಇಲ್ಲಿ ಯಾರು ಯಾರು ಕೂತಿದ್ದರು ಎಂದು ಮಾತ್ರ ಕೇಳಿದಳು. ಹನುಮಂತಯ್ಯ ಕಣ್ಣು ಮುಚ್ಚಿ ಒಬ್ಬೊಬ್ಬರನ್ನಾಗಿ ಹೇಳುತ್ತಾ ಹೋದರು. ಬಂದ ದಿನ, ಹೊತ್ತು, ಎಷ್ಟು ಹೊತ್ತು ಕೂತರು, ಯಾವ ಕಡೆ ಹೋದರು. ಹದಿನಾಲ್ಕು ಜನ.

"ಇವರಲ್ಲಿ ಯಾರು ಅಂತ ನಂಗೊತ್ತಿಲ್ಲ ತಾಯಿ," ಎಂದರು. "ತೋರಿಸ್ದೋನು ಮಾತ್ರ ನಾನೇ."

ಅವಳು ಬೈಯಲಿಲ್ಲ. ಬೈದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಮುನಿಯಕ್ಕ ಅಡುಗೆಮನೆಯಿಂದ ಬಂದು ಅವಳ ಕೈಗೆ ಅನ್ನದ ತಟ್ಟೆ ಕೊಟ್ಟು, "ತಿನ್ನು. ತಿಂದು ಬಟ್ಟೆ ಕಟ್ಕೋ. ಇಲ್ಲಿರೋದು ಬ್ಯಾಡ," ಎಂದರು. ಊಟವಾದ ಮೇಲೆ ಹನುಮಂತಯ್ಯ ಅವಳನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋಗಿ, ಅವಳ ಹಳೆಯ ದೂರಿನ ಜೊತೆ ಇವತ್ತಿನ ಕಥೆಯನ್ನೂ ಬೈಕಿನ ನಂಬರನ್ನೂ ಬರೆಸಿ ಬಂದರು. ಬಾಲಾಜಿಯ ಟೈಲ್ಸ್ ಅಂಗಡಿಯ ವ್ಯಾನು ಹಿಂದಿನ ಗಲ್ಲಿಗೆ ಬಂತು. ಟೈಲ್ಸ್ ಪೆಟ್ಟಿಗೆಗಳ ನಡುವೆ ಅವಳ ಎರಡು ಚೀಲ, ಒಂದು ಸ್ಟೌ. ರಿಂಗ್ ರೋಡಿನಲ್ಲಿ ಹೆಬ್ಬಾಳ ದಾಟಿ ತುಮಕೂರು ರಸ್ತೆ ಹಿಡಿಯುವವರೆಗೂ ಹನುಮಂತಯ್ಯ ಹಿಂದೆ ಬರುವ ಪ್ರತಿ ಬೈಕಿನ ನಂಬರು ಓದುತ್ತಲೇ ಇದ್ದರು.

ಮಾದನಾಯಕನಹಳ್ಳಿಯಲ್ಲಿ ತಂಗಿ ಧನಲಕ್ಷ್ಮಿಯದು ಗೋದಾಮುಗಳ ಹಿಂದಿನ ಬೀದಿ. ಅವಳದೂ ನಾಲ್ಕು ಬಾಡಿಗೆ ಮನೆ, ಮತ್ತು ಅಣ್ಣನ ಕಾನೂನೇ ಅವಳ ಕಾನೂನು. ವ್ಯಾನಿನಿಂದ ಇಳಿದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ ಅವಳು ಫೋನು ಕೈಗೆತ್ತಿಕೊಂಡಳು.

"ಕಾರ್ಡು ಕೊಡಮ್ಮ. ಆಮೇಲೆ ಇಲ್ಲಿ, ಗೇಟ್ ಹತ್ರ ನಿಂತ್ಕೋ."

"ಕಾರ್ಡು ಬೇಡ," ಅಂದರು ಹನುಮಂತಯ್ಯ. "ಸ್ಟೇಷನ್ನಿಗೆ ನಾನೇ ಕೊಡ್ತೀನಿ. ನಿನ್ನ ಫೋನಲ್ಲಿ ಬೇಡ."

"ಫೋಟೋ?"

"ಅದೂ ಬೇಡ."

ಧನಲಕ್ಷ್ಮಿ ಅಣ್ಣನ ಮುಖವನ್ನೇ ನೋಡಿದಳು. ಅಣ್ಣನಿಗೆ ಜ್ವರ ಗಿರ ಬಂದ ಹಾಗೆ ಕಾಣಲಿಲ್ಲ. "ನೀನೇ ಹೇಳ್ಕೊಟ್ಟಿದ್ದಲ್ಲಣ್ಣ. ದೇವ್ರೇ ಬಾಡಿಗೆಗೆ ಬಂದ್ರೂ ಗೇಟ್ ಮುಂದೆ ನಿಲ್ಸಿ ಫೋಟೋ ತೆಗಿ ಅಂದಿದ್ದೆ. ನಾಳೆ ಏನಾದ್ರೂ ಆದ್ರೆ ನಾನು ಯಾರನ್ನ ಹಿಡ್ಕೊಳ್ಲಿ?"

"ನನ್ನ ಹಿಡ್ಕೋ."

"ಬಾಯಿ ಮಾತಾ?"

ಅಣ್ಣನ ಹತ್ತಿರ ಕಲಿತ ಪಾಠ ಅದು, ತಂಗಿ ಬಿಡಲಿಲ್ಲ. ಹನುಮಂತಯ್ಯ ಜೇಬಿನಿಂದ ತಮ್ಮ ಕಾರ್ಡು ತೆಗೆದು, ಗೇಟಿನ ಪಕ್ಕಕ್ಕೆ ಹೋಗಿ, ಮನೆಯ ಹೆಸರು ಕಾಣುವ ಹಾಗೆ ಸರಿದು, ಕಾರ್ಡನ್ನು ಗದ್ದದ ಕೆಳಗೆ ಎತ್ತಿ ಹಿಡಿದರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಧನಲಕ್ಷ್ಮಿ ತಮಾಷೆ ಎಂದುಕೊಂಡೇ ಫೋನು ಎತ್ತಿದಳು, ಅಣ್ಣ ನಗಲಿಲ್ಲ. ನೋಡುವವರ ಕಣ್ಣು ಮೈಮೇಲೆ ಹರಿದಾಡಿತು. ಏನೂ ಕದಿಯದಿದ್ದರೂ ಕದ್ದವನ ಹಾಗೆ ಮುಖ ಬಿಸಿಯಾಯಿತು. ಎಂಟು ಮನೆಯವರನ್ನು ಹೀಗೆ ನಿಲ್ಲಿಸಿದ್ದೆನಲ್ಲ ಎಂದು ಅವರಿಗೆ ಅನ್ನಿಸಿದ್ದು ಆಗಲೇ.

"ತೆಗೆದೆಯಾ?"

"ತೆಗೆದೆ."

ಕಾರ್ಡು ಜೇಬಿಗಿಟ್ಟುಕೊಂಡು, ಅವರು ವ್ಯಾನಿನಿಂದ ಸ್ಟೌ ಇಳಿಸಿಕೊಂಡರು. ಲಾವಣ್ಯ ಮುಂದೆ ಬಂದು ಅದರ ಇನ್ನೊಂದು ತುದಿಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಹಿಂದಿನಿಂದ ಧನಲಕ್ಷ್ಮಿ ಕೂಗಿದಳು: "ಹುಡುಗಿ ಹೆಸರಾದ್ರೂ ಏನು ಅಂತ ಹೇಳೋ ಅಣ್ಣ."

ಹನುಮಂತಯ್ಯ ಬೀದಿಯ ಎರಡೂ ಕಡೆ ಒಮ್ಮೆ ನೋಡಿದರು. "ಒಳಗೆ ಬಾ," ಎಂದರು. "ಬಂದು ಅವಳನ್ನೇ ಕೇಳು. ಹೇಳಬೇಕು ಅನ್ನಿಸಿದ್ರೆ ಹೇಳ್ತಾಳೆ."